ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ವೆಟ್ ಕ್ಲಚ್‌ಗೆ ಫ್ರಿಕ್ಷನ್ ಪ್ಲೇಟ್ ವಿನ್ಯಾಸ ಮಾಡುವ ಬಗೆ

ಬಿಚ್ಚಿದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಿಂದ ತೆಗೆದ ಎರಡು ಫ್ರಿಕ್ಷನ್ ಪ್ಲೇಟುಗಳನ್ನು ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಟ್ಟು, ಅವುಗಳ ಲೈನಿಂಗಿನ (ಉಜ್ಜುವ ಮೈಗೆ ಅಂಟಿಸಿದ ಕಾಗದದಂಥ ಪದರದ) ಮೇಲೆ ಒಂದೊಂದು ಹನಿ ಎಣ್ಣೆ ಬಿಟ್ಟು ನೋಡಿ. ಒಳ್ಳೆಯ ಪ್ಲೇಟು ಆ ಹನಿಯನ್ನು ಕೆಲವೇ ಕ್ಷಣಗಳಲ್ಲಿ ಹೀರಿಕೊಳ್ಳುತ್ತದೆ. ಹನಿ ಬಿದ್ದ ಜಾಗದಲ್ಲಿ ಒಂದು ಕಪ್ಪು ಮಚ್ಚೆ ಉಳಿದು ನಿಧಾನವಾಗಿ ಅಗಲವಾಗುತ್ತದೆ. ಕೆಟ್ಟ ಪ್ಲೇಟಿನ ಮೇಲೆ ಹನಿ ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ಕೂತೇ ಇರುತ್ತದೆ. ಮೈಕ್ರೋಮೀಟರಿನಲ್ಲಿ ಅಳೆದರೆ ಎರಡರ ದಪ್ಪವೂ ಹೆಚ್ಚುಕಡಿಮೆ ಒಂದೇ, ಹಲ್ಲುಗಳಿಗೂ ಏನೂ ಆಗಿರುವುದಿಲ್ಲ. ಆದರೂ ಎರಡನೆಯದು ಕೆಲಸಕ್ಕೆ ಬಾರದ ಪ್ಲೇಟು. ಅದು ಸವೆದಿಲ್ಲ, ಅದರ ರಂಧ್ರಗಳು ಮುಚ್ಚಿಹೋಗಿವೆ.

ನಾನು ಈ ಕೆಲಸ ಕಲಿಯುವಾಗ ಈ ಹನಿಯ ಅರ್ಥ ತಿಳಿಯಲು ತುಂಬ ದಿನ ಹಿಡಿಯಿತು. ಕ್ಲಚ್ ವಿನ್ಯಾಸವೆಂದರೆ ಟಾರ್ಕಿನ (ತಿರುಗಿಸುವ ಬಲದ) ಸೂತ್ರವೆಂದೇ ಕಾಲೇಜಿನಲ್ಲಿ ಓದಿದ್ದೆ. ಆ ಸೂತ್ರದ ಲೆಕ್ಕ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಉಳಿದ ತಿಂಗಳುಗಳೆಲ್ಲ ಎಣ್ಣೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಬಿಸಿ ಎಲ್ಲಿ ಹುಟ್ಟಿ ಎಲ್ಲಿ ಇಂಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಹೋಗುತ್ತವೆ. ಆದ್ದರಿಂದ ಲೈನಿಂಗ್, ಅದಕ್ಕೆ ಎದುರಾಗಿ ಉಜ್ಜುವ ಸ್ಟೀಲ್ ಪ್ಲೇಟ್ ಮತ್ತು ನಡುವಿನ ಎಣ್ಣೆ, ಈ ಮೂರನ್ನೂ ಒಂದೇ ಭಾಗವೆಂದು ಎಣಿಸಿ ವಿನ್ಯಾಸಕ್ಕೆ ಕೂರಬೇಕು. ಒಂದು ಉದಾಹರಣೆಯನ್ನು ಹಿಡಿದು, ಅದರ ಅಂಕಿಗಳನ್ನೇ ಕೊನೆಯವರೆಗೆ ಬೆಳೆಸುತ್ತಾ ಹೋಗುತ್ತೇನೆ.

ಮೊದಲು ಕ್ಲಚ್ ಯಾವುದೆಂದು ಗುರುತಿಸಿ

ಆಟೋಮ್ಯಾಟಿಕ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಲ್ಲ ಕಾರುಗಳಲ್ಲಿಯೂ ವೆಟ್ ಕ್ಲಚ್ ಇರುವುದಿಲ್ಲ. ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಎಎಂಟಿ ಎಂಬ ಬಗೆಯಲ್ಲಿ ಇರುವುದು ಮಾಮೂಲಿ ಒಣ ಕ್ಲಚ್. ಅದನ್ನು ಒತ್ತುವ ಕೆಲಸವನ್ನು ಕಾಲಿನ ಬದಲು ಯಂತ್ರ ಮಾಡುತ್ತದೆ, ಅಷ್ಟೆ. ಇಲ್ಲಿ ಹೇಳುತ್ತಿರುವುದು ಎಂಜಿನ್ನಿನ ಟಾರ್ಕನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಮತ್ತು ಒಂದರ ಸುತ್ತ ಒಂದು ಸುತ್ತುವ ಪ್ಲಾನೆಟರಿ ಗೇರ್‌ಗಳಿರುವ ಗೇರ್‌ಬಾಕ್ಸಿನ ಒಳಗೆ, ಎಣ್ಣೆಯಲ್ಲಿ ತೊಯ್ದುಕೊಂಡೇ ಕೆಲಸ ಮಾಡುವ ಬಹುಫಲಕ ಕ್ಲಚ್‌ಗಳ ವಿಷಯ. ಇದನ್ನು ಕಣ್ಣಾರೆ ನೋಡಲು ದುಬಾರಿ ಕಾರನ್ನೇ ಬಿಚ್ಚಬೇಕಾಗಿಲ್ಲ. ಗೇರ್ ಇರುವ ನಮ್ಮ ಬಹುತೇಕ ಬೈಕುಗಳಲ್ಲಿಯೂ ಇದೇ ಜಾತಿಯ ಕ್ಲಚ್ ಇದೆ, ಮತ್ತು ಯಾವುದೇ ಗ್ಯಾರೇಜಿನ ಮೂಲೆಯಲ್ಲಿ ಅದರ ಹಳೆಯ ಪ್ಲೇಟುಗಳು ಸಿಗುತ್ತವೆ. ವ್ಯತ್ಯಾಸವೆಂದರೆ ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲಿ ನೆನೆಯುತ್ತದೆ. ಕಾರಿನ ಕ್ಲಚ್ ಎಟಿಎಫ್ ಎಂಬ ಪ್ರತ್ಯೇಕ ಎಣ್ಣೆಯಲ್ಲಿ ನೆನೆಯುತ್ತದೆ.

ರಚನೆ ಸರಳವಾಗಿದೆ. ತೆಳ್ಳನೆಯ ಉಕ್ಕಿನ ತಗಡಿನ ಎರಡೂ ಮುಖಗಳಿಗೆ ಲೈನಿಂಗ್ ಅಂಟಿಸಿದರೆ ಅದು ಫ್ರಿಕ್ಷನ್ ಪ್ಲೇಟ್. ಇದರ ಹಲ್ಲುಗಳು ಸಾಮಾನ್ಯವಾಗಿ ಒಳಅಂಚಿನಲ್ಲಿದ್ದು ನಡುವಿನ ತಿರುಗುಭಾಗವಾದ ಹಬ್ಬನ್ನು ಹಿಡಿಯುತ್ತವೆ. ಲೈನಿಂಗ್ ಇಲ್ಲದ ಬರಿಯ ಸ್ಟೀಲ್ ಪ್ಲೇಟುಗಳ ಹಲ್ಲುಗಳು ಹೊರಅಂಚಿನಲ್ಲಿದ್ದು ಸುತ್ತಲಿನ ಡ್ರಮ್ಮನ್ನು ಹಿಡಿಯುತ್ತವೆ. ಇವೆರಡನ್ನೂ ಒಂದಾದ ಮೇಲೊಂದರಂತೆ ಪೇರಿಸಿ, ಎಣ್ಣೆಯ ಒತ್ತಡದಿಂದ ಚಲಿಸುವ ಪಿಸ್ಟನ್ನಿನಿಂದ ಒತ್ತಿದಾಗ ಹಬ್ಬು ಮತ್ತು ಡ್ರಮ್ ಒಂದಾಗಿ ತಿರುಗುತ್ತವೆ. ಡ್ರಮ್ಮನ್ನು ಗೇರ್‌ಬಾಕ್ಸಿನ ಕವಚಕ್ಕೇ ಬಿಗಿದರೆ ಅದೇ ಜೋಡಣೆ ಬ್ರೇಕ್ ಆಗುತ್ತದೆ. ವಿನ್ಯಾಸ ಆರಂಭಿಸುವ ಮುನ್ನ ಇದು ತಿರುಗುವ ಕ್ಲಚ್ಚೋ ನಿಂತ ಬ್ರೇಕೋ, ಜಾರುತ್ತಾ ಗೇರ್ ಬದಲಿಸುವ ಕೆಲಸ ಇದರದೋ ಅಥವಾ ನಿಂತಾಗ ಹಿಡಿದುಕೊಳ್ಳುವುದಷ್ಟೇ ಇದರ ಕೆಲಸವೋ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಬರಿದೇ ಹಿಡಿದುಕೊಳ್ಳುವ ಕ್ಲಚ್‌ಗೆ ಟಾರ್ಕ್ ಲೆಕ್ಕ ಮುಖ್ಯ. ಜಾರುವ ಕ್ಲಚ್‌ಗೆ ಬಿಸಿಯ ಲೆಕ್ಕ ಮುಖ್ಯ.

ಹೊರಬೇಕಾದ ಟಾರ್ಕ್ ಎಷ್ಟು

ನಮ್ಮ ಉದಾಹರಣೆಯ ಎಂಜಿನ್ 250 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತದೆ ಎಂದುಕೊಳ್ಳೋಣ. ಕಾರು ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಟಾರ್ಕ್ ಕನ್ವರ್ಟರ್ ಇದನ್ನು 1.8 ಪಟ್ಟು ಹೆಚ್ಚಿಸುತ್ತದೆ ಎಂದು ಹಿಡಿದರೆ ಗೇರ್‌ಬಾಕ್ಸಿನ ಒಳಗೆ ಬರುವುದು 450 ನ್ಯೂಟನ್-ಮೀಟರ್. ಎಂಜಿನ್ನಿನ ಟಾರ್ಕ್ ನೋಡಿ ಕ್ಲಚ್ ಅಳತೆ ಹಾಕುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಕನ್ವರ್ಟರಿನ ಪಟ್ಟು ಒಂದು ಕಡೆ, ಪ್ಲಾನೆಟರಿ ಗೇರ್‌ಗಳು ಹಂಚಿಕೊಡುವ ಪಾಲು ಇನ್ನೊಂದು ಕಡೆ. ಒಂದೇ ಕ್ಲಚ್ ನಾಲ್ಕೈದು ಗೇರ್‌ಗಳಲ್ಲಿ ಹಿಡಿದುಕೊಂಡಿರಬಹುದು, ಮತ್ತು ಪ್ರತಿ ಗೇರ್‌ನಲ್ಲಿ ಅದರ ಮೇಲೆ ಬೀಳುವ ಪಾಲು ಬೇರೆಯಾಗಿರುತ್ತದೆ. ಎಲ್ಲ ಗೇರ್‌ಗಳಿಗೂ ಆ ಪಾಲನ್ನು ಪಟ್ಟಿ ಮಾಡಿ ಅತಿ ಹೆಚ್ಚಿನದನ್ನು ಆರಿಸಬೇಕು. ನಮ್ಮ ಕ್ಲಚ್‌ಗೆ ಆ ಗರಿಷ್ಠ ಪಾಲು ಪೂರ್ತಿ 450 ಎಂದೇ ಇಟ್ಟುಕೊಂಡು, ಅದಕ್ಕೆ 1.3ರ ಭದ್ರತಾ ಅಂಶ ಸೇರಿಸಿ 585 ನ್ಯೂಟನ್-ಮೀಟರ್ ಗುರಿಯಾಗಿ ಇಟ್ಟುಕೊಳ್ಳೋಣ.

ಅಳತೆ, ಒತ್ತಡ ಮತ್ತು ಪ್ಲೇಟುಗಳ ಸಂಖ್ಯೆ

ಲೈನಿಂಗಿನ ಹೊರ ತ್ರಿಜ್ಯ 80 ಮಿ.ಮೀ., ಒಳ ತ್ರಿಜ್ಯ 66 ಮಿ.ಮೀ. ಎಂದು ಆರಿಸಿಕೊಂಡಿದ್ದೇನೆ. ಒತ್ತಡ ಎಲ್ಲೆಡೆ ಸಮನಾಗಿದೆ ಎಂಬ ಊಹೆಯಲ್ಲಿ ಪರಿಣಾಮಕಾರಿ ತ್ರಿಜ್ಯ 73.2 ಮಿ.ಮೀ. ಬರುತ್ತದೆ, ಸವೆತ ಸಮನಾಗಿದೆ ಎಂಬ ಊಹೆಯಲ್ಲಿ, ಅಂದರೆ ಎರಡೂ ತ್ರಿಜ್ಯಗಳ ಸರಾಸರಿಯಾಗಿ, 73.0 ಬರುತ್ತದೆ. ಪರೀಕ್ಷೆಯಲ್ಲಿ ಈ ಎರಡು ಸೂತ್ರಗಳ ವ್ಯತ್ಯಾಸಕ್ಕೆ ಪುಟಗಟ್ಟಲೆ ಬರೆಸುತ್ತಾರೆ, ಆದರೆ ಇಂಥ ಕಿರಿದಾದ ಬಳೆಯಾಕಾರದ ಲೈನಿಂಗಿಗೆ ಯಾವುದನ್ನು ಬಳಸಿದರೂ ನಡೆಯುತ್ತದೆ. ಬಳೆಯನ್ನು ಕಿರಿದಾಗಿಯೇ ಇಡುವುದಕ್ಕೆ ಕಾರಣವೂ ಇದೆ: ಅಗಲ ಹೆಚ್ಚಾದರೆ ಒಳಅಂಚಿಗೂ ಹೊರಅಂಚಿಗೂ ಜಾರುವ ವೇಗದ ಅಂತರ ಹೆಚ್ಚಾಗಿ ಸ್ಟೀಲ್ ಪ್ಲೇಟು ಅಸಮವಾಗಿ ಕಾಯುತ್ತದೆ, ಮತ್ತು ಅಸಮವಾಗಿ ಕಾದ ಪ್ಲೇಟು ತಟ್ಟೆಯಂತೆ ಡೊಂಕಾಗುತ್ತದೆ.

ಪಿಸ್ಟನ್ನಿನ ಹೊರ ತ್ರಿಜ್ಯ 78, ಒಳ ತ್ರಿಜ್ಯ 50 ಮಿ.ಮೀ. ಆದರೆ ಅದರ ವಿಸ್ತೀರ್ಣ ಸುಮಾರು 11,260 ಚದರ ಮಿ.ಮೀ. ಲೈನ್ ಒತ್ತಡ, ಅಂದರೆ ಪಿಸ್ಟನ್ನಿಗೆ ಬರುವ ಎಣ್ಣೆಯ ಒತ್ತಡ, 10 ಬಾರ್ ಇದ್ದಾಗ ಬಲ 11,260 ನ್ಯೂಟನ್. ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗಿಗೆ ಸುಮಾರು 1,000 ಕಳೆದರೆ ಪ್ಲೇಟುಗಳಿಗೆ ತಲುಪುವುದು ಸುಮಾರು 10,250 ನ್ಯೂಟನ್. ಎಟಿಎಫ್‌ನಲ್ಲಿ ಕಾಗದದ ಲೈನಿಂಗಿನ ಘರ್ಷಣಾ ಗುಣಾಂಕ ಸಾಮಾನ್ಯವಾಗಿ 0.10ರಿಂದ 0.15ರ ನಡುವೆ ಇರುತ್ತದೆ. ನಾನು ಇಲ್ಲಿ 0.11 ಹಿಡಿಯುತ್ತೇನೆ, ಏಕೆಂದರೆ ಹೊಸ ಪ್ಲೇಟಿನ ಅಂಕಿಯನ್ನು ಹಿಡಿದು ವಿನ್ಯಾಸ ಮಾಡಿದರೆ ಎಣ್ಣೆ ಹಳತಾಗಿ ಬಿಸಿಯೇರಿದ ದಿನ ಕ್ಲಚ್ ಜಾರುತ್ತದೆ. ಗುಣಾಂಕ, ಬಲ ಮತ್ತು ತ್ರಿಜ್ಯಗಳನ್ನು ಗುಣಿಸಿದರೆ ಒಂದು ಉಜ್ಜು ಮುಖ 82.5 ನ್ಯೂಟನ್-ಮೀಟರ್ ಹೊರುತ್ತದೆ. 585 ಹೊರಲು ಏಳು ಮುಖಗಳು ಸ್ವಲ್ಪದರಲ್ಲಿ ಸಾಲುವುದಿಲ್ಲ. ಒಂದು ಪ್ಲೇಟಿಗೆ ಎರಡು ಮುಖಗಳಾದ್ದರಿಂದ ಹೇಗಿದ್ದರೂ ಎಂಟು ಬೇಕು. ಅಂದರೆ ನಾಲ್ಕು ಫ್ರಿಕ್ಷನ್ ಪ್ಲೇಟುಗಳು, ಒಟ್ಟು ಸಾಮರ್ಥ್ಯ 660 ನ್ಯೂಟನ್-ಮೀಟರ್.

ಐದು ಪ್ಲೇಟು ಹಾಕಿದರೆ ಇನ್ನೂ ಭದ್ರವಲ್ಲವೇ ಎಂದು ಅನ್ನಿಸುವುದು ಸಹಜ. ಅಲ್ಲ. ಈಗಿನ ಜೋಡಣೆಯಲ್ಲಿಯೇ ಪಿಸ್ಟನ್ ಒತ್ತಡದಲ್ಲಿ ಒಂದು ಬಾರ್ ಏರಿದರೆ ಟಾರ್ಕ್ ಸುಮಾರು 72 ನ್ಯೂಟನ್-ಮೀಟರ್ ಏರುತ್ತದೆ. ಒತ್ತಡವನ್ನು ನಿಯಂತ್ರಿಸುವ ಸೊಲೆನಾಯ್ಡ್ ಕವಾಟ 0.1 ಬಾರ್ ತಪ್ಪಿದರೂ ಟಾರ್ಕ್ 7 ನ್ಯೂಟನ್-ಮೀಟರ್ ತಪ್ಪುತ್ತದೆ, ಮತ್ತು ನಿಧಾನವಾಗಿ ಹೋಗುತ್ತಿರುವ ಕಾರಿನಲ್ಲಿ ಅಷ್ಟು ತಪ್ಪು ಕೂತವರ ಬೆನ್ನಿಗೆ ಜರ್ಕಾಗಿ ತಿಳಿಯುತ್ತದೆ. ಪ್ಲೇಟು ಹೆಚ್ಚಿಸಿದಷ್ಟೂ ಈ ಸೂಕ್ಷ್ಮತೆ ಹೆಚ್ಚುತ್ತದೆ. ಅದೂ ಅಲ್ಲದೆ ಪ್ರತಿ ಪ್ಲೇಟಿನ ಹಲ್ಲುಗಳೂ ಸ್ಪ್ಲೈನಿನ (ಹಲ್ಲುಗಳು ಕೂರುವ ಉದ್ದನೆಯ ಕಚ್ಚುಗಳ) ಮೇಲೆ ಉಜ್ಜಿಕೊಂಡೇ ಸರಿಯಬೇಕಾದ್ದರಿಂದ ಪಿಸ್ಟನ್ನಿನ ಬಲ ಒಂದೊಂದು ಪ್ಲೇಟು ದಾಟಿದಂತೆಲ್ಲ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಕೊನೆಯ ಪ್ಲೇಟಿಗೆ ಮೊದಲನೆಯದರಷ್ಟು ಒತ್ತಡ ಸಿಗುವುದಿಲ್ಲ.

ತಿರುಗುವ ಕ್ಲಚ್ ಆಗಿದ್ದರೆ ಇಲ್ಲಿ ಇನ್ನೊಂದು ಲೆಕ್ಕ ಬಿಡುವಂತಿಲ್ಲ. ಪಿಸ್ಟನ್ ಹಿಂದಿನ ಎಣ್ಣೆಯೂ ಡ್ರಮ್ಮಿನೊಂದಿಗೆ ತಿರುಗುತ್ತದೆ, ಮತ್ತು ಕೇಂದ್ರಾಪಗಾಮಿ ಪರಿಣಾಮದಿಂದ ಹೊರಕ್ಕೆ ಒತ್ತುತ್ತದೆ. ಎಣ್ಣೆ 30 ಮಿ.ಮೀ. ತ್ರಿಜ್ಯದಲ್ಲಿ ಒಳಬರುತ್ತದೆ ಎಂದುಕೊಂಡರೆ ನಿಮಿಷಕ್ಕೆ 6,000 ಸುತ್ತಿನಲ್ಲಿ ಈ ಪಿಸ್ಟನ್ನಿನ ಮೇಲೆ ಸರಾಸರಿ 5.5 ಬಾರ್ ಒತ್ತಡ, ಕವಾಟ ಮುಚ್ಚಿದ್ದರೂ, ತಾನಾಗಿ ಹುಟ್ಟುತ್ತದೆ. ಸ್ಪ್ರಿಂಗ್ ತಡೆಯಬಲ್ಲದ್ದು ಸುಮಾರು 0.9 ಬಾರ್ ಮಾತ್ರ. ಪಿಸ್ಟನ್ನಿನ ಇನ್ನೊಂದು ಬದಿಯಲ್ಲಿಯೂ ಎಣ್ಣೆ ತುಂಬಿದ ಸಮತೋಲನ ಕೋಣೆಯನ್ನು ಇಡುವುದು ಇದಕ್ಕಾಗಿಯೇ. ಆ ಕೋಣೆಯನ್ನು ಮರೆತರೆ ಬಿಟ್ಟ ಕ್ಲಚ್ ಹೆದ್ದಾರಿಯ ವೇಗದಲ್ಲಿ ಅರ್ಧ ಹಿಡಿದುಕೊಂಡೇ ಓಡುತ್ತದೆ, ಮತ್ತು ಲೈನಿಂಗ್ ಸುಟ್ಟ ಮೇಲೆ ಎಲ್ಲರೂ ಲೈನಿಂಗನ್ನೇ ದೂರುತ್ತಾರೆ.

ಬಿಸಿಯ ಲೆಕ್ಕ

ಗೇರ್ ಬದಲಾಗುವ ಕ್ಷಣದಲ್ಲಿ ಈ ಕ್ಲಚ್ ಸರಾಸರಿ 300 ನ್ಯೂಟನ್-ಮೀಟರ್ ಹೊತ್ತು, ನಿಮಿಷಕ್ಕೆ 2,000 ಸುತ್ತಿನ ವೇಗ ವ್ಯತ್ಯಾಸವನ್ನು ಅರ್ಧ ಸೆಕೆಂಡಿನಲ್ಲಿ ಸೊನ್ನೆಗೆ ತರುತ್ತದೆ ಎಂದುಕೊಳ್ಳೋಣ. 2,000 ಸುತ್ತೆಂದರೆ ಸೆಕೆಂಡಿಗೆ 209 ರೇಡಿಯನ್. ಜಾರುವ ವೇಗ ಸಮನಾಗಿ ಇಳಿಯುವುದರಿಂದ ಒಟ್ಟು ಶಕ್ತಿ 300, 209 ಮತ್ತು 0.5ರ ಗುಣಲಬ್ಧದ ಅರ್ಧ, ಅಂದರೆ ಸುಮಾರು 15,700 ಜೂಲ್. ಆರಂಭದ ಕ್ಷಣದಲ್ಲಿ ಉರಿಯುವ ಶಕ್ತಿಯ ದರ 63 ಕಿಲೋವ್ಯಾಟಿನಷ್ಟು. ಅಂಗೈಯಗಲದ ಪ್ಲೇಟುಗಳ ನಡುವೆ, ಆ ಆರಂಭದ ಕ್ಷಣದ ಮಟ್ಟಿಗಾದರೂ, ಒಂದು ಸಣ್ಣ ಕಾರಿನ ಎಂಜಿನ್ನಿನಷ್ಟು ಶಕ್ತಿ ಬಿಸಿಯಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಎಂಟು ಮುಖಗಳ ಒಟ್ಟು ವಿಸ್ತೀರ್ಣ ಸುಮಾರು 51,400 ಚದರ ಮಿ.ಮೀ. ಆದ್ದರಿಂದ ಪ್ರತಿ ಚದರ ಮಿ.ಮೀ.ಗೆ 0.31 ಜೂಲ್ ಬೀಳುತ್ತದೆ. ಈಗ ಈ ಬಿಸಿ ಹೋಗುವುದೆಲ್ಲಿಗೆ? ಕಾಗದದ ಲೈನಿಂಗ್ ಶಾಖವನ್ನು ಸಾಗಿಸುವುದಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಹಿಡಿಯುವ ಮಸಿಬಟ್ಟೆಯಂತೆ ಅದು ತಡೆಗಟ್ಟುತ್ತದೆ. ಆದ್ದರಿಂದ ಬಿಸಿಯ ಬಹುಪಾಲು ಸ್ಟೀಲ್ ಪ್ಲೇಟಿಗೇ ಇಳಿಯುತ್ತದೆ. ಫ್ರಿಕ್ಷನ್ ಪ್ಲೇಟಿನ ಆಯುಸ್ಸನ್ನು ಅದರ ಪಕ್ಕದ ಸ್ಟೀಲ್ ಪ್ಲೇಟಿನ ದಪ್ಪ ನಿರ್ಧರಿಸುತ್ತದೆ ಎಂಬುದು ಮೊದಲು ಕೇಳಿದಾಗ ವಿಚಿತ್ರವೆನಿಸುತ್ತದೆ, ಆದರೆ ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ. ಸ್ಟೀಲ್ ಪ್ಲೇಟಿನ ದಪ್ಪ 1.8 ಮಿ.ಮೀ. ಇದ್ದರೆ ಎರಡೂ ಕಡೆಯಿಂದ ಕಾಯುವ ಆ ಪ್ಲೇಟಿನಲ್ಲಿ ಒಂದೊಂದು ಮುಖಕ್ಕೆ 0.9 ಮಿ.ಮೀ. ಉಕ್ಕು ಸಿಗುತ್ತದೆ. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕಿಲೋ, ಶಾಖಧಾರಣೆ ಕಿಲೋ-ಡಿಗ್ರಿಗೆ ಸುಮಾರು 470 ಜೂಲ್. ಇವುಗಳಿಂದ ಒಂದು ಗೇರ್ ಬದಲಾವಣೆಗೆ ಪ್ಲೇಟಿನ ಸರಾಸರಿ ಉಷ್ಣತೆ ಸುಮಾರು 92 ಡಿಗ್ರಿ ಏರುತ್ತದೆ. ದಪ್ಪವನ್ನು 2.2ಕ್ಕೆ ಹೆಚ್ಚಿಸಿದರೆ ಏರಿಕೆ 75 ಡಿಗ್ರಿಗೆ ಇಳಿಯುತ್ತದೆ. ಮೂರು ಒಳ ಪ್ಲೇಟುಗಳಿಗೆ ಒಟ್ಟು 1.2 ಮಿ.ಮೀ. ಉದ್ದ ಹೆಚ್ಚಿ 17 ಡಿಗ್ರಿ ಉಳಿತಾಯವಾದಂತಾಯಿತು. ಗೇರ್‌ಬಾಕ್ಸಿನ ಉದ್ದದಲ್ಲಿ ಆ 1.2 ಮಿ.ಮೀ. ಪಡೆಯಲು ನೀವು ಕೇಸಿಂಗ್ ವಿನ್ಯಾಸ ಮಾಡುವವರ ಜೊತೆ ಬಹಳ ಹೊತ್ತು ವಾದ ಮಾಡಬೇಕಾಗುತ್ತದೆ, ವಾದಿಸಿ.

ಈ ಸರಾಸರಿ ಲೆಕ್ಕವನ್ನು ಯಾವಾಗ ನಂಬಬಹುದು ಎಂಬುದೂ ತಿಳಿದಿರಬೇಕು. ಉಕ್ಕಿನಲ್ಲಿ ಬಿಸಿ 0.9 ಮಿ.ಮೀ. ಆಳಕ್ಕೆ ಇಳಿಯಲು ಸುಮಾರು 0.06 ಸೆಕೆಂಡ್ ಬೇಕು. ಜಾರುವ ಸಮಯ ಅರ್ಧ ಸೆಕೆಂಡ್ ಇದ್ದಾಗ ಬಿಸಿ ಒಳಗೆ ಹರಡಲು ಸಾಕಷ್ಟು ಸಮಯ ಸಿಗುವುದರಿಂದ ಸರಾಸರಿ ಲೆಕ್ಕ ವಾಸ್ತವಕ್ಕೆ ಹತ್ತಿರವಿರುತ್ತದೆ. ಕ್ಲಚ್ಚನ್ನು ಥಟ್ಟನೆ, 0.05 ಸೆಕೆಂಡಿನಲ್ಲಿ ಹಿಡಿಸಿದರೆ ಬಿಸಿಯೆಲ್ಲ ಮೇಲ್ಮೈಯಲ್ಲೇ ಸಿಕ್ಕಿಕೊಂಡು, ಲೆಕ್ಕ ತೋರಿಸುವುದಕ್ಕಿಂತ ಬಹಳ ಹೆಚ್ಚು ಉಷ್ಣತೆ ಮುಟ್ಟುತ್ತದೆ. ಸುಟ್ಟ ಸ್ಟೀಲ್ ಪ್ಲೇಟಿನ ಮೇಲೆ ನೀಲಿಗಪ್ಪು ಮಚ್ಚೆಗಳು ಸಾಲಾಗಿ ಕಂಡರೆ ಬಿಸಿ ಎಲ್ಲೆಡೆ ಹರಡದೆ ಕೆಲವೇ ಜಾಗಗಳಲ್ಲಿ ಗುಡ್ಡೆಯಾಗಿದೆ ಎಂದು ತಿಳಿಯಬೇಕು.

ಎಣ್ಣೆ 100 ಡಿಗ್ರಿಯಲ್ಲಿದ್ದರೆ ನಮ್ಮ 1.8 ಮಿ.ಮೀ. ಪ್ಲೇಟು ಒಂದು ಬದಲಾವಣೆಗೆ 192 ಡಿಗ್ರಿ ಮುಟ್ಟುತ್ತದೆ. ತುಂಬಿದ ಕಾರು ಚಾರ್ಮಾಡಿಯಂಥ ಘಾಟಿ ಹತ್ತುವಾಗ ಎಣ್ಣೆಯೇ 120 ಡಿಗ್ರಿಗೆ ಹೋಗಬಹುದು, ಮತ್ತು ತಿರುವು ತಿರುವಿಗೂ ಗೇರ್ ಏರಿಳಿಯುವುದರಿಂದ ಪ್ಲೇಟು ಒಮ್ಮೆ ಆರುವ ಮುನ್ನವೇ ಮತ್ತೆ ಕಾಯುತ್ತದೆ. ಲೈನಿಂಗಿನಲ್ಲಿರುವ ಸೆಲ್ಯುಲೋಸ್ ಸುಮಾರು 250 ಡಿಗ್ರಿಯ ಆಸುಪಾಸಿನಲ್ಲಿ ಕರಿಕಾಗಲು ತೊಡಗುತ್ತದೆ. ಆದ್ದರಿಂದ ಒಂದು ಬದಲಾವಣೆಯ ಲೆಕ್ಕ ಮಾಡಿ ನಿಲ್ಲಿಸದೆ, ಒಂದರ ಹಿಂದೊಂದು ಹತ್ತಿಪ್ಪತ್ತು ಬದಲಾವಣೆಗಳನ್ನು ಸೇರಿಸಿ ಲೆಕ್ಕ ಮಾಡಬೇಕು. ಈ ಉದಾಹರಣೆಯಲ್ಲಿ ನಾನು 2.2 ಮಿ.ಮೀ. ಆರಿಸುತ್ತೇನೆ.

ಲೈನಿಂಗ್ ಮತ್ತು ಎಣ್ಣೆ

ಕಾಗದ ಎಂದೊಡನೆ ಪುಸ್ತಕದ ಹಾಳೆ ನೆನಪಾಗಬಾರದು. ಸೆಲ್ಯುಲೋಸ್ ಮತ್ತು ಅರಾಮಿಡ್ ನಾರುಗಳನ್ನು, ಡಯಾಟಮ್ ಮಣ್ಣು ಮತ್ತು ಗ್ರಾಫೈಟಿನಂಥ ಪುಡಿಗಳನ್ನು ನೀರಿನಲ್ಲಿ ಕಲಸಿ, ಕಾಗದ ತಯಾರಿಸುವ ರೀತಿಯಲ್ಲಿಯೇ ಹಾಳೆ ಎತ್ತಿ, ಒಣಗಿಸಿ, ಫೀನಾಲಿಕ್ ರಾಳದಲ್ಲಿ ಅದ್ದಿ, ಬಿಸಿಯಲ್ಲಿ ಗಟ್ಟಿಗೊಳಿಸುತ್ತಾರೆ. ಮುಂಚೆ ಇದರಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ಮಾಡುವ ಹಾನಿ ಗೊತ್ತಾದ ಮೇಲೆ ಅದರ ಜಾಗಕ್ಕೆ ಅರಾಮಿಡ್ ಮುಂತಾದ ನಾರುಗಳು ಬಂದವು. ಸಿದ್ಧವಾದ ಲೈನಿಂಗಿನ ಗಾತ್ರದಲ್ಲಿ ಅರ್ಧದಷ್ಟು ಬರಿಯ ರಂಧ್ರವೇ ಇರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಹೆಣೆದುಕೊಂಡ ನಾರುಗಳ ನಡುವೆ ಕಪ್ಪು ಕುಳಿಗಳು ಕಾಣುತ್ತವೆ. ಎಣ್ಣೆ ಆ ಕುಳಿಗಳಲ್ಲಿ ನಿಲ್ಲುತ್ತದೆ, ಒತ್ತಿದಾಗ ಹೊರಬರುತ್ತದೆ, ಬಿಟ್ಟಾಗ ಮತ್ತೆ ಒಳಹೋಗುತ್ತದೆ.

ಕ್ಲಚ್ ಹಿಡಿಯುವಾಗ ಮೂರು ಘಟ್ಟಗಳು ನಡೆಯುತ್ತವೆ. ಮೊದಲು ಪ್ಲೇಟುಗಳು ಹತ್ತಿರ ಬರುತ್ತಿರುವಾಗ ಟಾರ್ಕನ್ನು ಹೊರುವುದು ನಡುವಿನ ಎಣ್ಣೆಯ ಪದರವೇ. ಆಮೇಲೆ ಪದರ ತೆಳುವಾಗಿ ನಾರುಗಳ ತುದಿಗಳು ಉಕ್ಕನ್ನು ಅಲ್ಲಲ್ಲಿ ಮುಟ್ಟುತ್ತವೆ. ಕೊನೆಗೆ ಜಾರುವ ವೇಗ ಸೊನ್ನೆಗೆ ಬರುವಾಗ, ಉಕ್ಕಿನ ಮೇಲೆ ಅಂಟಿಕೊಂಡಿರುವ ಎಣ್ಣೆಯ ಸೇರ್ಪಡೆ ರಾಸಾಯನಿಕಗಳ ಅತಿ ತೆಳು ಪೊರೆ ಘರ್ಷಣೆಯನ್ನು ನಿರ್ಧರಿಸುತ್ತದೆ. ಮೊದಲ ಘಟ್ಟದಲ್ಲಿ ಎಣ್ಣೆಯ ಸ್ನಿಗ್ಧತೆ (ಮಂದತನ), ಎರಡನೆಯದರಲ್ಲಿ ಲೈನಿಂಗಿನ ರಂಧ್ರ ಮತ್ತು ಮೆದುತನ, ಮೂರನೆಯದರಲ್ಲಿ ಎಣ್ಣೆಯ ರಸಾಯನ, ಹೀಗೆ ಒಂದೇ ಅರ್ಧ ಸೆಕೆಂಡಿನಲ್ಲಿ ಮೂರು ಬೇರೆ ಬೇರೆ ಒಡೆಯರು ಬಂದು ಹೋಗುತ್ತಾರೆ.

ಈ ಮೂರನೆಯ ಘಟ್ಟದಲ್ಲಿ ಘರ್ಷಣಾ ಗುಣಾಂಕ ಜಾರುವ ವೇಗದೊಂದಿಗೆ ಹೇಗೆ ಬದಲಾಗುತ್ತದೆ ಎಂಬುದು ಗುಣಾಂಕದ ಬೆಲೆಗಿಂತ ಹೆಚ್ಚು ಮುಖ್ಯ. ವೇಗ ಹೆಚ್ಚಿದಂತೆ ಗುಣಾಂಕ ಸ್ವಲ್ಪ ಹೆಚ್ಚುತ್ತಾ ಹೋದರೆ ಕ್ಲಚ್ ಶಾಂತವಾಗಿ ಹಿಡಿಯುತ್ತದೆ. ವೇಗ ಕಡಿಮೆಯಾದಂತೆ ಗುಣಾಂಕ ಏರುವ ಹಾಗಿದ್ದರೆ ಪ್ಲೇಟು ಹಿಡಿದು ಬಿಟ್ಟು ಹಿಡಿದು ಬಿಟ್ಟು ಅದುರುತ್ತದೆ. ಸೆಕೆಂಡಿಗೆ ಹತ್ತಾರು ಸಲದ ಆ ಅದುರು, ಚಕ್ರ ಕಲ್ಲುಹಾಸಿನ ಮೇಲೆ ಓಡಿದಂತೆ ಕಾರಿನಲ್ಲಿ ಕೂತವರಿಗೆ ತಿಳಿಯುತ್ತದೆ. ಕನ್ವರ್ಟರಿನ ಎರಡು ಬದಿಗಳನ್ನು ನೇರವಾಗಿ ಬೆಸೆಯುವ ಲಾಕಪ್ ಕ್ಲಚ್‌ನಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ಅದನ್ನು ಉದ್ದೇಶಪೂರ್ವಕವಾಗಿಯೇ ಸ್ವಲ್ಪ ಜಾರುತ್ತಾ ಓಡಿಸುತ್ತಾರೆ. ಘರ್ಷಣೆಯನ್ನು ಹೀಗೆ ಪಳಗಿಸುವ ಸೇರ್ಪಡೆಗಳು ಎಟಿಎಫ್‌ನಲ್ಲಿರುತ್ತವೆ, ಅವು ಬಿಸಿಗೆ ನಿಧಾನವಾಗಿ ಖರ್ಚಾಗುತ್ತವೆ. ಆದ್ದರಿಂದ ಎಣ್ಣೆ ಯಾವುದೆಂದು ನಿರ್ಧಾರವಾಗದೆ ಲೈನಿಂಗ್ ಆರಿಸಬಾರದು. ಒಂದು ಎಣ್ಣೆಯಲ್ಲಿ ಬಂಗಾರದಂತೆ ನಡೆದ ಲೈನಿಂಗ್, ಸ್ನಿಗ್ಧತೆ ಒಂದೇ ಇರುವ ಬೇರೊಂದು ಎಣ್ಣೆಯಲ್ಲಿ ಅದುರಿದ್ದನ್ನು ನಾನು ನೋಡಿದ್ದೇನೆ. ಬೈಕಿನಲ್ಲಿಯೂ ಇದೇ ಕತೆ: ಘರ್ಷಣೆ ತಗ್ಗಿಸುವ ಸೇರ್ಪಡೆಯಿರುವ ಕಾರಿನ ಎಂಜಿನ್ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು, ಡಬ್ಬಿಯ ಮೇಲೆ ಜಾಸೋ ಎಂಎ ಎಂಬ ಜಪಾನಿನ ಮಾನದಂಡದ ಗುರುತು ಇರಬೇಕೆನ್ನುವುದು ಅದಕ್ಕೇ.

ಲೈನಿಂಗಿನ ದಪ್ಪ ಒಂದು ಮುಖಕ್ಕೆ ಅರ್ಧ ಮಿ.ಮೀ.ನ ಆಸುಪಾಸಿನಲ್ಲಿದ್ದರೆ ಸಾಕು. ದಪ್ಪ ಹೆಚ್ಚಿಸಿದರೆ ಮೆದುತನ ಹೆಚ್ಚಿ ಉಕ್ಕಿನ ಏರುಪೇರಿಗೆ ಹೊಂದಿಕೊಳ್ಳುತ್ತದೆ, ಆದರೆ ಉಕ್ಕಿಗೆ ಕೊಡಬಹುದಾದ ಉದ್ದವನ್ನು ನುಂಗುತ್ತದೆ.

ಗ್ರೂವ್

ಲೈನಿಂಗಿನ ಮೇಲೆ ಎಣ್ಣೆ ಹರಿಯಲು ತೆಗೆದ ಸಣ್ಣ ಕಾಲುವೆಗಳಾದ ಗ್ರೂವ್‌ಗಳಿಗೆ ಮೂರು ಕೆಲಸಗಳಿವೆ: ಹಿಡಿಯುವಾಗ ನಡುವಿನ ಎಣ್ಣೆ ಬೇಗ ಹೊರಹೋಗಲು ದಾರಿ ಕೊಡುವುದು, ಹಿಡಿದಿರುವಾಗಲೂ ತಂಪಾದ ಎಣ್ಣೆ ಒಳಗಿನಿಂದ ಹೊರಗೆ ಹರಿಯುವಂತೆ ಮಾಡುವುದು, ಬಿಟ್ಟಾಗ ಪ್ಲೇಟುಗಳು ಅಂಟಿಕೊಳ್ಳದೆ ಬೇರಾಗಲು ನೆರವಾಗುವುದು. ಕೇಂದ್ರದಿಂದ ಹೊರಕ್ಕೆ ನೇರ ಹೋಗುವ ಕಿರಣದಂಥ ಗ್ರೂವ್ ಎಣ್ಣೆಯನ್ನು ಬೇಗ ಹೊರಹಾಕಿ, ಬಿಟ್ಟಾಗ ಎಣ್ಣೆಯಿಂದಾಗುವ ಎಳೆತವನ್ನು ಕಡಿಮೆ ಮಾಡುತ್ತದೆ. ಚೌಕಟ್ಟು ಚೌಕಟ್ಟಾಗಿ ಹೆಣೆದ ಜಾಲದಂಥ ಗ್ರೂವ್ ಎಣ್ಣೆಯನ್ನು ಸುತ್ತಾಡಿಸಿ ಹೊರಬಿಡುವುದರಿಂದ ಉಕ್ಕನ್ನು ಚೆನ್ನಾಗಿ ತಣಿಸುತ್ತದೆ. ಹೆಚ್ಚು ಜಾರುವ ಕ್ಲಚ್‌ಗೆ ಜಾಲ, ಹೆಚ್ಚು ಹೊತ್ತು ಬಿಟ್ಟಿರುವ ಕ್ಲಚ್‌ಗೆ ಕಿರಣ ಎಂದು ಆರಂಭಿಸಬಹುದು.

ಗ್ರೂವ್‌ಗಳಿಗೆ 15 ಶೇಕಡಾ ಜಾಗ ಕೊಟ್ಟರೆ ನಮ್ಮ ಪ್ಲೇಟಿನ ಒಂದು ಮುಖದಲ್ಲಿ 6,420ರ ಬದಲು ಸುಮಾರು 5,460 ಚದರ ಮಿ.ಮೀ. ಲೈನಿಂಗ್ ಉಳಿಯುತ್ತದೆ, ಮತ್ತು ಅದರ ಮೇಲಿನ ಒತ್ತಡ 1.6ರಿಂದ 1.9 ಮೆಗಾಪಾಸ್ಕಲ್‌ಗೆ ಏರುತ್ತದೆ. ಟಾರ್ಕ್ ಬದಲಾಗುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದ್ದು ಒಟ್ಟು ಬಲವೇ ಹೊರತು ವಿಸ್ತೀರ್ಣವಲ್ಲ. ಆದರೆ ಸವೆತ ಬದಲಾಗುತ್ತದೆ. ಇಡೀ ಬಳೆಯನ್ನು ಕತ್ತರಿಸುವ ಬದಲು ಸಣ್ಣ ತುಂಡುಗಳನ್ನು ಅಂಟಿಸಿ, ತುಂಡುಗಳ ನಡುವಿನ ಸಂದನ್ನೇ ಗ್ರೂವ್ ಮಾಡಿಕೊಂಡರೆ ದುಬಾರಿ ಕಾಗದ ಬಹಳ ಉಳಿಯುತ್ತದೆ. ಓರೆಯಾದ ಗ್ರೂವ್ ಆರಿಸಿದರೆ ಪ್ಲೇಟಿಗೆ ದಿಕ್ಕು ಬರುತ್ತದೆ ಎಂಬುದನ್ನು ಮರೆಯಬಾರದು. ಜೋಡಿಸುವವರು ತಿರುವುಮುರುವು ಹಾಕದಂತೆ ಒಂದು ಹಲ್ಲನ್ನು ಬೇರೆ ಆಕಾರದಲ್ಲಿ ಕತ್ತರಿಸಿಡುವುದು ಒಳ್ಳೆಯದು.

ಬಿಟ್ಟಾಗಿನ ಸಂದು ಮತ್ತು ಎಳೆತ

ಬಿಟ್ಟ ಕ್ಲಚ್ ಸುಮ್ಮನಿರುವುದಿಲ್ಲ. ಪ್ಲೇಟುಗಳ ನಡುವಿನ ಎಣ್ಣೆ ಒಂದನ್ನೊಂದು ಎಳೆಯುತ್ತಲೇ ಇರುತ್ತದೆ. ಒಂದು ಮುಖಕ್ಕೆ 0.2 ಮಿ.ಮೀ. ಸಂದು ಇಟ್ಟು, ಎಣ್ಣೆ ಇನ್ನೂ ಪೂರ್ತಿ ಕಾಯದೆ ಅದರ ಸ್ನಿಗ್ಧತೆ 0.025 ಪಾಸ್ಕಲ್-ಸೆಕೆಂಡ್ ಇರುವಾಗ, 2,000 ಸುತ್ತಿನ ವೇಗ ವ್ಯತ್ಯಾಸದಲ್ಲಿ ಸಂದು ಪೂರ್ತಿ ಎಣ್ಣೆಯಿಂದ ತುಂಬಿದೆ ಎಂದು ಲೆಕ್ಕ ಹಾಕಿದರೆ, ಎಂಟು ಮುಖಗಳಿಂದ ಸುಮಾರು 7 ನ್ಯೂಟನ್-ಮೀಟರ್ ಎಳೆತ, ಅಂದರೆ ಒಂದೂವರೆ ಕಿಲೋವ್ಯಾಟ್ ನಷ್ಟ ಬರುತ್ತದೆ. ಎಣ್ಣೆ ಕಾದ ಮೇಲೆ ಸ್ನಿಗ್ಧತೆ ಇಳಿದು ಇದು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಬರಬಹುದು. ವೇಗ ಇನ್ನೂ ಹೆಚ್ಚಿದರೆ ಸಂದಿನಲ್ಲಿ ಗಾಳಿ ಸೇರಿಕೊಂಡು ಎಳೆತ ತಾನಾಗಿ ಇಳಿಯುತ್ತದೆ. ಗೇರ್‌ಬಾಕ್ಸಿನ ಒಟ್ಟು ವ್ಯವಸ್ಥೆಯನ್ನೇ ಬದಲಿಸಿ ಈ ನಷ್ಟ ತಗ್ಗಿಸಿದ ಒಳ್ಳೆಯ ಉದಾಹರಣೆ ಜರ್ಮನಿಯ ಝಡ್‌ಎಫ್ ಸಂಸ್ಥೆಯದು: ಅದರ ಆರು ಗೇರಿನ ಪೆಟ್ಟಿಗೆಯಲ್ಲಿ ಐದು ಕ್ಲಚ್-ಬ್ರೇಕುಗಳ ಪೈಕಿ ಯಾವುದೇ ಗೇರ್‌ನಲ್ಲಿ ಮೂರು ಬಿಟ್ಟಿರುತ್ತಿದ್ದವು, 2009ರಲ್ಲಿ ಬಂದ ಎಂಟು ಗೇರಿನ ಪೆಟ್ಟಿಗೆಯಲ್ಲಿ ಅಷ್ಟೇ ಐದರ ಪೈಕಿ ಎರಡು ಮಾತ್ರ ಬಿಟ್ಟಿರುತ್ತವೆ.

ಸಂದನ್ನು ಸುಮ್ಮನೆ ದೊಡ್ಡದು ಮಾಡಿದರಾಗದೇ ಎಂದರೆ, ಅದಕ್ಕೆ ಬೆಲೆ ಬೇರೆ ಕಡೆ ತೆರಬೇಕು. ನಮ್ಮ ಒಟ್ಟು ಸಂದು 1.6 ಮಿ.ಮೀ. ಪಿಸ್ಟನ್ ಅಷ್ಟು ಸರಿಯಲು 18 ಘನ ಸೆಂ.ಮೀ. ಎಣ್ಣೆ ಬೇಕು. ಚಾಲಕರಿಗೆ ತಡವೆನಿಸದಂತೆ 0.15 ಸೆಕೆಂಡಿನಲ್ಲಿ ಅದು ತುಂಬಬೇಕೆಂದರೆ ನಿಮಿಷಕ್ಕೆ 7.2 ಲೀಟರ್ ಹರಿವು ಈ ಒಂದು ಕ್ಲಚ್‌ಗೇ ಸಿಗಬೇಕು. ಸಂದು ದೊಡ್ಡದಾದಷ್ಟೂ ಪಂಪ್ ದೊಡ್ಡದಾಗುತ್ತದೆ, ಮತ್ತು ದೊಡ್ಡ ಪಂಪ್ ಇಡೀ ಹೊತ್ತು ಇಂಧನ ತಿನ್ನುತ್ತದೆ. ನಾನು 0.2ರಲ್ಲಿಯೇ ನಿಂತು, ಪ್ಲೇಟುಗಳು ಸಮನಾಗಿ ಬೇರಾಗುವಂತೆ ಅಲೆಯಾಕಾರದ ತೆಳು ಸ್ಪ್ರಿಂಗ್‌ಗಳನ್ನು ನಡುವೆ ಇಡುವುದನ್ನು ಮೊದಲು ಪರಿಶೀಲಿಸುತ್ತೇನೆ. ಎಂಟು ಸಂದುಗಳಲ್ಲಿ ಒಂದು ಮುಚ್ಚಿಕೊಂಡು ಇನ್ನೊಂದು ತೆರೆದರೆ ಮುಚ್ಚಿಕೊಂಡದ್ದೇ ಎಳೆತದ ಬಹುಪಾಲನ್ನು ಹೊತ್ತು ಮೊದಲು ಸುಡುತ್ತದೆ.

ನಡುತಗಡು ಮತ್ತು ಹಲ್ಲು

ಲೈನಿಂಗ್ ಅಂಟಿಸುವ ಉಕ್ಕಿನ ತಗಡು 0.8 ಮಿ.ಮೀ. ಇರಲಿ. 450ರಲ್ಲಿ ಒಂದು ಪ್ಲೇಟಿನ ಪಾಲು 112.5 ನ್ಯೂಟನ್-ಮೀಟರ್, 62 ಮಿ.ಮೀ. ತ್ರಿಜ್ಯದಲ್ಲಿ ಅದು ಸುಮಾರು 1,815 ನ್ಯೂಟನ್ ಬಲವಾಗುತ್ತದೆ. 36 ಹಲ್ಲುಗಳು, ತಲಾ 2 ಮಿ.ಮೀ. ಕಚ್ಚು, ಎಲ್ಲ ಹಲ್ಲುಗಳೂ ಒಟ್ಟಿಗೆ ಮುಟ್ಟುವುದಿಲ್ಲವಾದ್ದರಿಂದ ಅರ್ಧ ಮಾತ್ರ ಹೊರುತ್ತವೆ ಎಂದು ಎಣಿಸಿದರೆ ಹಲ್ಲಿನ ಮೇಲೆ 63 ಮೆಗಾಪಾಸ್ಕಲ್ ಒತ್ತಡ. ಪ್ಲೇಟಿನ ಉಕ್ಕಿಗೆ ಇದು ಲೆಕ್ಕಕ್ಕಿಲ್ಲ, ಆದರೆ ಹಬ್ಬು ಅಲ್ಯೂಮಿನಿಯಂ ಆಗಿದ್ದರೆ ವರ್ಷಗಳ ನಂತರ ತೆಳು ಪ್ಲೇಟುಗಳು ಅದರಲ್ಲಿ ಕಚ್ಚು ಬೀಳಿಸುತ್ತವೆ, ಮತ್ತು ಆ ಕಚ್ಚುಗಳಲ್ಲಿ ಸಿಕ್ಕಿಕೊಂಡ ಪ್ಲೇಟು ಸರಾಗವಾಗಿ ಸರಿಯುವುದಿಲ್ಲ. ಅಂಟಿಸುವ ಮುನ್ನ ತಗಡಿನ ಎಣ್ಣೆಪಸೆ ಪೂರ್ತಿ ತೆಗೆದು, ಮೈಯನ್ನು ಒರಟಾಗಿಸಿ, ಅಂಟು ಹಚ್ಚಿ ಬಿಸಿಯಲ್ಲಿ ಒತ್ತಬೇಕು. ಲೈನಿಂಗನ್ನು ಕೆರೆದು ಕಿತ್ತಾಗ ಕಾಗದವೇ ಸೀಳಿ ಅದರ ಒಂದು ಪದರ ತಗಡಿನ ಮೇಲೆ ಉಳಿದರೆ ಅಂಟು ಸರಿಯಾಗಿದೆ. ತಗಡು ಬೆಳ್ಳಗೆ ಕಂಡರೆ ಆ ಕಂತನ್ನು ತಿರಸ್ಕರಿಸಬೇಕು.

ಪರೀಕ್ಷೆಗೆ ಕೊಡುವ ಮುನ್ನ ಮತ್ತು ಕೊಟ್ಟ ಮೇಲೆ

ಹೊಸ ಪ್ಲೇಟುಗಳನ್ನು ಜೋಡಿಸುವ ಮುನ್ನ ಅದೇ ಎಟಿಎಫ್‌ನಲ್ಲಿ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಇನ್ನೂ ಹೆಚ್ಚು ಹೊತ್ತು ನೆನೆಹಾಕಬೇಕು. ಒಣ ಪ್ಲೇಟು ಮೊದಲ ಕೆಲವು ಹಿಡಿತಗಳಲ್ಲಿಯೇ ಮೇಲ್ಮೈ ಸುಟ್ಟುಕೊಂಡರೆ ಮುಂದಿನ ಎಲ್ಲ ಅಂಕಿಗಳೂ ಸುಳ್ಳಾಗುತ್ತವೆ. ಉದ್ಯಮದಲ್ಲಿ ವಾಡಿಕೆಯ ಯಂತ್ರ ಎಸ್‌ಎಇ ನಂಬರ್ 2. ಅದರಲ್ಲಿ ಒಂದು ಭಾರದ ಚಕ್ರವನ್ನು ವೇಗಕ್ಕೆ ಏರಿಸಿ, ಕ್ಲಚ್ಚಿನಿಂದ ಹಿಡಿದು ನಿಲ್ಲಿಸಿ, ಮತ್ತೆ ಏರಿಸಿ, ಹೀಗೆ ಸಾವಿರಾರು ಸಲ ಮಾಡುತ್ತಾರೆ. ಈ ವಿಧಾನಕ್ಕೆ ಜಪಾನಿನ ಜಾಸೋ ಎಂ348, ಅದುರಿನ ಪರೀಕ್ಷೆಗೆ ಜಾಸೋ ಎಂ349 ಮಾನದಂಡಗಳಿವೆ. ಪ್ರತಿ ಹಿಡಿತದ ಟಾರ್ಕ್ ರೇಖೆಯನ್ನು ಉಳಿಸಿಟ್ಟುಕೊಳ್ಳಬೇಕು. ರೇಖೆಯ ಕೊನೆಯಲ್ಲಿ, ನಿಲ್ಲುವ ಕ್ಷಣಕ್ಕೆ ಸರಿಯಾಗಿ, ಟಾರ್ಕ್ ಹುಂಜದ ಬಾಲದಂತೆ ಮೇಲಕ್ಕೆ ಚಿಮ್ಮಿದರೆ ಗುಣಾಂಕ ವೇಗ ಇಳಿದಂತೆ ಏರುತ್ತಿದೆ ಎಂದರ್ಥ, ಮತ್ತು ಆ ಕ್ಲಚ್ ಕಾರಿನಲ್ಲಿ ಜರ್ಕು ಕೊಡುತ್ತದೆ.

ಪರೀಕ್ಷೆ ಮುಗಿದ ಮೇಲೆ ಪ್ಲೇಟುಗಳನ್ನು ಪೇರಿಸಿದ ಕ್ರಮದಲ್ಲಿಯೇ ಅಂಕಿ ಬರೆದು ತೆಗೆಯಬೇಕು. ಸುಟ್ಟದ್ದು ಪಿಸ್ಟನ್ ಕಡೆಯದೋ ನಡುವಿನದೋ ಎಂಬುದು ಕಾರಣವನ್ನು ಅರ್ಧ ಹೇಳಿಬಿಡುತ್ತದೆ. ದಪ್ಪವನ್ನು ಒಂದೇ ಜಾಗದಲ್ಲಲ್ಲ, ಒಳಅಂಚು ಮತ್ತು ಹೊರಅಂಚುಗಳಲ್ಲಿ ಬೇರೆ ಬೇರೆಯಾಗಿ ಅಳೆಯಬೇಕು. ಸ್ಟೀಲ್ ಪ್ಲೇಟನ್ನು ಸಮತಟ್ಟಾದ ಸರ್ಫೇಸ್ ಪ್ಲೇಟಿನ ಮೇಲಿಟ್ಟು ಅಂಚಿನಡಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ಡೊಂಕು ನೋಡಬೇಕು. ಅದೇ ಕಂತಿನ ಒಂದು ಪ್ಲೇಟನ್ನು ಬಳಸದೆ, ಅದೇ ಎಣ್ಣೆಯಲ್ಲಿ ನೆನೆಸಿ ಎತ್ತಿಟ್ಟಿರಬೇಕು. ಎರಡನ್ನೂ ಒರೆಸಿ, ಪಕ್ಕಪಕ್ಕದಲ್ಲಿಟ್ಟು, ಒಂದೊಂದು ಹನಿ ಬಿಟ್ಟು, ಹನಿ ಇಂಗಲು ಹಿಡಿದ ಸಮಯವನ್ನು ಗಡಿಯಾರ ನೋಡಿ ದಪ್ಪದ ಅಳತೆಯ ಪಕ್ಕದಲ್ಲಿಯೇ ಬರೆದಿಡಬೇಕು.